ರೈಲಿನ ಕಾಕಾ ಬೇಡವೆಂದ ಡೀಸೆಲ್ ಜೀಪು

ಕಳೆದ ವಾರ ಹಳೆಯ ಜೀಪನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ಅದರ ಕಾಗದಪತ್ರ ಹುಡುಕುತ್ತ ಅಲಮಾರಿಯ ಖಾನೆ ಎಳೆದಾಗ ಎರಡನೆಯ ಚಾವಿ ಸಿಕ್ಕಿತು. ಅದಕ್ಕೊಂದು ಹಸಿರು ಬಟ್ಟೆಯ ಚೂರು ಕಟ್ಟಿತ್ತು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷವಾದರೂ ಡೀಸೆಲ್ ವಾಸನೆ ಹೋಗಿರಲಿಲ್ಲ... ಗುಜರಿಯವನು ಹೊರಗೆ ಕಾಯುತ್ತಿದ್ದ. ನಾನು ಮಂಚದ ಮೇಲೆ ಕೂತುಬಿಟ್ಟೆ.

ಆ ಬಟ್ಟೆ ಕಟ್ಟಿದವರು ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯಲ್ಲಿ ನಮ್ಮ ಎದುರುಮನೆಯ ಕಾಕಾ. ವಾಡಿ ಕಡೆಯವರು. ಜೀವಮಾನವೆಲ್ಲ ಡೀಸೆಲ್ ರೈಲು ಓಡಿಸಿ ನಿವೃತ್ತರಾಗಿದ್ದರು. ಓಣಿಗೆಲ್ಲ ಅವರು ರೈಲಿನ ಕಾಕಾ. ಕೆಲಸ ಬಿಟ್ಟ ಮೇಲೂ ಬೆಳಗಿನ ಜಾವಕ್ಕೇ ಎದ್ದು, ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು, ಹೋಗಲು ಜಾಗವಿಲ್ಲದೆ ಪಡಸಾಲೆಯಲ್ಲಿ ಕೂಡುತ್ತಿದ್ದರು. ಸಿಕಂದರಾಬಾದಿನಿಂದ ಹೊರಟ ಗಾಡಿಯ ಸದ್ದು ಕೇಳಿಯೇ ಯಾವುದು ಎಷ್ಟು ತಡ ಎಂದು ಹೇಳುತ್ತಿದ್ದರು. ಅವರ ಹೆಂಡತಿ ಕಾಕುಗೆ ಅದನ್ನು ಕೇಳಿ ಕೇಳಿ ಸಾಕಾಗಿತ್ತು.

ನನ್ನದು ಆಗ ಜನರೇಟರ್ ಬಾಡಿಗೆ ಕೊಡುವ ದಂಧೆ. ಮಾಧಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಕಂಪ್ಯೂಟರ್ ಕೆಲಸದವರ ಮನೆಯ ಮದುವೆಗಳು ದೊಡ್ಡದಾದವು, ಫಂಕ್ಷನ್ ಹಾಲುಗಳು ಹೆಚ್ಚಾದವು, ಕರೆಂಟ್ ಮಾತ್ರ ಮೊದಲಿನ ಹಾಗೆಯೇ ಹೋಗುತ್ತಿತ್ತು. ಎರಡು ಗಾಲಿಯ ಮೇಲೆ ಕೂತ ನನ್ನ ಜನರೇಟರನ್ನು ಎಳೆಯಲು ಒಂದು ಗಾಡಿ ಬೇಕಾಯಿತು. ಕೆಲಸ ಹೆಚ್ಚೇನಲ್ಲ. ಮೈಲಿ ಎರಡು ಮೈಲಿ ದೂರದ ಹಾಲಿಗೆ ಎಳೆದು ಬಿಡುವುದು, ಮರುದಿನ ವಾಪಸ್ ತರುವುದು. ತಿಂಗಳಿಗೆ ನಾಲ್ಕೈದು ಸಲ.

ಎರಡು ಹಳೆಯ ಜೀಪುಗಳು ಮಾರಾಟಕ್ಕಿದ್ದವು. ಒಂದು ಮಿಲಿಟರಿ ಹರಾಜಿನಲ್ಲಿ ಬಂದ ಪೆಟ್ರೋಲ್ ಜೀಪು, ಇನ್ನೊಂದು ಡೀಸೆಲ್. ಕಾಕಾ ಡೀಸೆಲ್ಲಿಗೇ ಹೂಂ ಅನ್ನುತ್ತಾರೆಂದುಕೊಂಡು, ಮೆಚ್ಚಿಸುವುದಕ್ಕಾಗಿಯೇ ಅವರನ್ನು ಕರೆದುಕೊಂಡು ಹೋದೆ. ಅವರು ಎರಡರ ಬಾನೆಟ್ಟನ್ನೂ ಎತ್ತಿಸಿ ನೋಡಿ, ಪೆಟ್ರೋಲ್ ಜೀಪಿನ ಮೇಲೆ ಕೈಯಿಟ್ಟರು.

"ಡೀಸೆಲ್‌ಗೆ ದೂರದ ದಾರಿ ಬೇಕು ತಮ್ಮಾ. ಎರಡು ಮೈಲಿಗೆ ನಿಂತರ ಅದು ಬಿಸೀನ ಆಗಂಗಿಲ್ಲ. ಬಿಸಿ ಆಗಲಾರದ ಎಂಜಿನ್ ಒಳಗಿಂದ ಒಳಗ ಮಸಿ ಕಟ್ಟಿ ಸಾಯ್ತೈತಿ. ನೀ ಇದನ್ನ ತಗೋ."

ನಾನು ಕೇಳಲಿಲ್ಲ. ಭಾರ ಎಳೆಯುವುದಕ್ಕೆ ಡೀಸೆಲ್ಲೇ ಎಂದು ಮದುವೆಗಳಿಗೆ ಶಾಮಿಯಾನ ಹಾಕುವ ಟೆಂಟ್‌ಹೌಸಿನವರೆಲ್ಲ ಹೇಳಿದ್ದರು. ಜನರೇಟರಿಗೆಂದು ಮನೆಯಲ್ಲಿ ಡೀಸೆಲ್ ಡ್ರಮ್ಮು ಹೇಗೂ ಇತ್ತು. ಹುಟ್ಟಿದಾಗಿನಿಂದ ಡೀಸೆಲ್ ಅನ್ನ ಉಂಡು ಈಗ ಪೆಟ್ರೋಲ್ ಹೊಗಳುತ್ತೀರಲ್ಲ ಎಂದು ಕಾಕಾನನ್ನೇ ಛೇಡಿಸಿದೆ. ಹಿತ್ತಲ ಗಿಡ ಮದ್ದಲ್ಲ, ನೋಡಿ. ಅವರು ನಕ್ಕು ಬಾನೆಟ್ ಇಳಿಸಿದರು.

ಜೀಪು ಮನೆಗೆ ಬಂದ ಮರುದಿನವೇ ಕಾಕಾ ಚಾವಿ ಕೇಳಿದರು. ತಂದದ್ದು ತಂದಾಯಿತು, ಇನ್ನು ದಿನಾ ಅರ್ಧ ತಾಸು ಓಡಿಸಿ ಬಿಸಿ ಮಾಡಬೇಕು, ನಿನಗೆ ಪುರಸೊತ್ತಿಲ್ಲ, ನಾನು ಮಾಡುತ್ತೇನೆ ಎಂದರು. ಹಳೆಯ ಸಿಗ್ನಲ್ ಬಾವುಟದಿಂದ ಚೂರು ಹರಿದು ಚಾವಿಗೆ ಕಟ್ಟಿಕೊಂಡರು. ಅಂದಿನಿಂದ ಆ ಖಾಕಿ ಅಂಗಿಗೆ ಒಂದು ಕೆಲಸ ಸಿಕ್ಕಿತು. ಬೆಳಗ್ಗೆ ಆರಕ್ಕೆ ಬಾನೆಟ್ ಮುಟ್ಟಿ ನಮಸ್ಕರಿಸಿ ಹೊರಟರೆ ಉಪ್ಪಲ್ ರಸ್ತೆಯವರೆಗೆ ಹೋಗಿ ಬರುತ್ತಿದ್ದರು. ಅದಕ್ಕವರು ಡ್ಯೂಟಿ ಎಂದೇ ಹೇಳುತ್ತಿದ್ದರು. ಕಾಕಾ ಹತ್ತು ವರ್ಷ ಸಣ್ಣವರಾಗಿದ್ದಾರೆ ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಜನರೇಟರ್ ಎಳೆಯುವ ದಿನ ನಾನು ಓಡಿಸುತ್ತಿದ್ದೆ, ಅವರು ಪಕ್ಕದಲ್ಲಿ ಕೂಡುತ್ತಿದ್ದರು. ರೈಲಿನಲ್ಲಿ ಸಿಗ್ನಲ್ ಕಂಡ ಕೂಡಲೇ ಒಬ್ಬರು ಅದರ ಬಣ್ಣ ಕೂಗಬೇಕು, ಇನ್ನೊಬ್ಬರು ತಿರುಗಿ ಅದನ್ನೇ ಹೇಳಬೇಕಂತೆ. ಆ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ರಸ್ತೆಯ ಸಿಗ್ನಲ್ ಕಂಡರೂ "ಹಸರ ಐತಿ" ಎಂದು ಕೂಗುತ್ತಿದ್ದರು. ನಾನೂ "ಹಸರ ಐತಿ" ಎನ್ನುವವರೆಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಜನರೆದುರು ನನಗೆ ನಾಚಿಕೆಯಾಗುತ್ತಿತ್ತು. ಎಷ್ಟೋ ಸಲ ಕೇಳದವನಂತೆ ಇದ್ದುಬಿಡುತ್ತಿದ್ದೆ...

ಒಂದು ವರ್ಷ ಹೀಗೆ ಕಳೆದಿರಬೇಕು. ಕಾಕಾ ದಿನಾ ರೈಲ್ವೆ ಗೇಟಿನ ಹತ್ತಿರ ಜೀಪು ನಿಲ್ಲಿಸಿಕೊಂಡು ಗೇಟ್‌ಮ್ಯಾನ್ ಜೊತೆ ಹರಟುತ್ತಾರೆ, ನಿನ್ನ ಎಣ್ಣೆಯಲ್ಲಿ ಸವಾರಿ ಭಾಳ ಜೋರಾಗಿದೆ ಎಂದು ಟೆಂಟ್‌ಹೌಸಿನವನೊಬ್ಬ ನನ್ನ ಕಿವಿ ಕಚ್ಚಿದ. ಡ್ರಮ್ಮು ಬೇಗ ಖಾಲಿಯಾಗುತ್ತಿರುವುದು ನನಗೂ ಕಂಡಿತ್ತು. ಮರುದಿನ ಬೆಳಗ್ಗೆ ಕಾಕಾ ಜೀಪು ತಂದು ನಿಲ್ಲಿಸುವುದನ್ನೇ ಕಾದು ನಿಂತೆ. ಓಣಿಯ ಹೆಂಗಸರು ನೀರು ಹಿಡಿಯುತ್ತಿದ್ದರು.

"ನಾಳಿಂದ ಬ್ಯಾಡ್ರಿ ಕಾಕಾ," ಎಂದೆ. "ಊರ ತಿರುಗಾಕ ಡೀಸೆಲ್ ಪುಕ್ಕಟೆ ಬರಂಗಿಲ್ಲ."

ಅವರ ಮುಖ ಸಣ್ಣದಾಯಿತು. ಎಂಜಿನ್ ಆರಿಸದೆ ಕೆಳಗಿಳಿದು, ಒಳಗೆ ಬಿಟ್ಟ ಚಾವಿಯ ಕಡೆ ಕೈ ತೋರಿಸಿದರು.

"ಇನ್ನೂ ಬಿಸಿ ಐತ್ರಿ," ಎಂದರು. "ಐದು ನಿಮಿಷ ತಡದು ಬಂದ್ ಮಾಡ್ರಿ."

ನನ್ನನ್ನು ತಮ್ಮಾ ಎಂದೇ ಕರೆದವರು ಆ ದಿನ ಹೊರಗಿನವನಿಗೆ ಹೇಳುವ ಹಾಗೆ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಐದು ನಿಮಿಷ ಕೂಡ ಕಾಯಲಿಲ್ಲ, ಆಗಲೇ ಚಾವಿ ತಿರುವಿದೆ.

ಆಮೇಲೆ ಅವರು ಹೇಳಿದ ಹಾಗೆಯೇ ಆಯಿತು. ಜೀಪು ನಿಂತಲ್ಲೇ ನಿಂತಿತು. ಮೊದಲು ಬ್ಯಾಟರಿ ಹೋಯಿತು, ಆಮೇಲೆ ಕರಿ ಹೊಗೆ ಶುರುವಾಯಿತು. ಒಂದು ಮದುವೆಯ ಬೆಳಗ್ಗೆ ಎಷ್ಟು ತಿರುವಿದರೂ ಅದು ಹತ್ತಲೇ ಇಲ್ಲ. ಎದುರಿನ ಪಡಸಾಲೆಯಲ್ಲಿ ಕಾಕಾ ಕೂತಿದ್ದರು. ಆ ಸದ್ದಿಗೆ ಅವರು ಕುರ್ಚಿಯಿಂದ ಅರ್ಧ ಎದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಕಾಕಾ ಅಂತ ಒಂದು ಸಲ ಕರೆದಿದ್ದರೆ ಬರುತ್ತಿದ್ದರು. ಕರೆಯಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದರು. ನಾನು ಬಾಡಿಗೆ ಟ್ರ್ಯಾಕ್ಟರ್ ತಂದು ಜನರೇಟರ್ ಎಳೆಸಿದೆ.

ಅದೇ ಬೇಸಗೆಯಲ್ಲಿ ಕಾಕಾ, ಕಾಕು ಸೊಲ್ಲಾಪುರಕ್ಕೆ ಮಗಳ ಹತ್ತಿರ ಹೋದರು. ಹೊರಡುವ ದಿನ ನಾನು ಬೇಕೆಂದೇ ನಾಂಪಲ್ಲಿಯಲ್ಲಿ ಇಲ್ಲದ ಕೆಲಸ ಹಚ್ಚಿಕೊಂಡು ಕೂತಿದ್ದೆ. ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ಆಮೇಲೊಮ್ಮೆ ರೈಲ್ವೆ ಗೇಟಿನಲ್ಲಿ ನಿಂತಾಗ ಗೇಟ್‌ಮ್ಯಾನ್ ಗುರುತು ಹಿಡಿದು ಕಾಕಾನನ್ನು ನೆನೆದ. ಆರೂವರೆಯ ಪ್ಯಾಸೆಂಜರಿಗೆ ಗೇಟು ಹಾಕಿರುತ್ತಿತ್ತಂತೆ, ಅದಕ್ಕೇ ದಿನಾ ಅಲ್ಲಿ ನಿಲ್ಲುತ್ತಿದ್ದರಂತೆ. ಎಷ್ಟು ಹೊತ್ತಾದರೂ ಎಂಜಿನ್ ಬಂದ್ ಮಾಡುತ್ತಿರಲಿಲ್ಲವಂತೆ. ಯಾರ ಗಾಡಿ ಎಂದು ಕೇಳಿದರೆ, ನಮ್ಮ ಹುಡುಗನದು ಎನ್ನುತ್ತಿದ್ದರಂತೆ.

ಗೇಟು ಹಾಕಿತ್ತು, ಅಷ್ಟೇ. ಅದನ್ನೊಂದು ಮಾತು ಅವರನ್ನೇ ಕೇಳಬಹುದಿತ್ತು...

ಗುಜರಿಯವನಿಗೆ ಒಂದು ಚಾವಿ ಸಾಕು ಎಂದೆ. ಹಸಿರು ಬಟ್ಟೆಯದು ಈಗ ನನ್ನ ಕಾರಿನಲ್ಲಿದೆ. ಕಾರು ಪೆಟ್ರೋಲಿನದು. ನಿನ್ನೆ ತಾರ್ನಾಕಾದ ಸಿಗ್ನಲ್ಲಿನಲ್ಲಿ ದೀಪ ಬದಲಾದಾಗ, ನನಗೇ ಗೊತ್ತಿಲ್ಲದೆ "ಹಸರ ಐತಿ" ಎಂದು ಗಟ್ಟಿಯಾಗಿ ಕೂಗಿದೆ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ನಾನು ಪಕ್ಕದ ಸೀಟಿನ ಕಡೆ ತಿರುಗಿ ನೋಡುತ್ತ, ದೀಪ ಮತ್ತೆ ಕೆಂಪಾಗುವವರೆಗೆ ಅಲ್ಲೇ ನಿಂತಿದ್ದೆ.