ಕೈ ಶುದ್ಧವಿದ್ದ ಹುಡುಗ

ನಾನು ಒಳ್ಳೆಯ ಆಟಗಾರ. ದೊಡ್ಡ ಆಟಗಾರ ಎಂದು ಯಾವತ್ತೂ ಹೇಳಿಕೊಂಡಿಲ್ಲ. ಈ ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ವಾದ ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ತೊಂಬತ್ತರ ದಶಕದಲ್ಲಿ ಶುರುಮಾಡಿ ಬೆಂಗಳೂರು, ಗೋವಾ, ಕೇರಳ, ಕೋಲ್ಕತ್ತ ಎಂದು ಸಂಬಳಕ್ಕೆ ಫುಟ್‌ಬಾಲ್ ಆಡಿದೆ. ಮೈದಾನದ ನಡುವಿನ ಜಾಗ ನನ್ನದು. ಎದುರಿನವನ ಕಾಲಿನಿಂದ ಚೆಂಡು ಕಿತ್ತುಕೊಂಡು ನಮ್ಮ ಮುಂದಿನವನಿಗೆ ಕೊಡುವುದು ನನ್ನ ಕೆಲಸ. ಗೋಲು ಹೊಡೆದು ಮೆರೆಯುವುದು ಅವನ ಪಾಡು. ಅರಸೀಕೆರೆ ಜಂಕ್ಷನ್ನಿನ ರೈಲ್ವೆ ಕಾಲೊನಿಯಲ್ಲಿ ಪಾಯಿಂಟ್ಸ್‌ಮನ್ ಮಗನಾಗಿ ಬೆಳೆದವನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬಂದ ಗಾಡಿಗೆ ದಾರಿ ಮಾಡಿ ಕಳಿಸುವುದನ್ನೇ ಅಪ್ಪನೂ ಜೀವಮಾನವಿಡೀ ಮಾಡಿದ್ದು.

ಕ್ಲಬ್ಬುಗಳು ನನ್ನನ್ನು ಒಂದು ವರ್ಷದ ಮಟ್ಟಿಗೆ ಕರೆಯುತ್ತಿದ್ದವು. ಅದು ಮುಗಿದರೆ ಇನ್ನೊಂದು ಊರು, ಇನ್ನೊಂದು ಬಣ್ಣದ ಅಂಗಿ. ಆಟದವರ ಮಾತಿನಲ್ಲಿ ಇದಕ್ಕೆ ಟ್ರಾನ್ಸ್‌ಫರ್ ಎನ್ನುತ್ತಾರೆ. ಅವ್ವ ಆ ಪದವನ್ನು ಹಿಡಿದುಕೊಂಡಳು. ಯಾರು ಕೇಳಿದರೂ "ನಮ್ ಹುಡುಗಂಗೆ ಗೋವಾಕ್ಕೆ ಟ್ರಾನ್ಸ್‌ಫರ್ ಆಗೈತೆ" ಎನ್ನುವಳು. ಅವಳ ಅಣ್ಣ, ಬೇಲೂರಿನಲ್ಲಿ ಗುಮಾಸ್ತನಾಗಿದ್ದ ನನ್ನ ಸೋದರಮಾವ, ಅದೇ ಮಾತನ್ನು ಹೊತ್ತುಕೊಂಡು ಹೋಗಿ ಕಣಕಟ್ಟೆಯಲ್ಲಿ ನನಗೊಂದು ಹೆಣ್ಣು ನೋಡಿಟ್ಟ.

ಹೆಣ್ಣಿನ ಅಪ್ಪ ರಿಟೈರಾದ ಮೇಷ್ಟ್ರು. ಅವರ ನಡುಮನೆಯ ಗೋಡೆಯ ಮೇಲೂ ನಮ್ಮ ಮನೆಯಲ್ಲಿದ್ದಂಥದ್ದೇ ಬುದ್ಧನ ಫೋಟೊ ಇತ್ತು. ಹುಡುಗಿ ಕಾಫಿ ಕೊಟ್ಟು ಒಳಗೆ ಹೋಗದೆ ಅಪ್ಪನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ನನಗೆ ಅಷ್ಟೇ ಸಾಕಾಯಿತು. ಈ ಮನೆಯವರು ಒಪ್ಪಲೇಬೇಕು ಎಂದು ಮನಸ್ಸು ಹಟ ಹಿಡಿಯಿತು.

"ಎಲ್ಲೆಲ್ಲಿ ಕೆಲ್ಸ ಮಾಡಿದೀರಿ?" ಎಂದರು ಮೇಷ್ಟ್ರು. ನಾನು ಊರುಗಳ ಹೆಸರು ಹೇಳುತ್ತಾ ಹೋದಂತೆ ಅವರ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ, "ನೋಡ್ದೇನೇ? ಒಂದು ಕಡೆ ನಿಲ್ಲಕ್ಕೇ ಬಿಟ್ಟಿಲ್ಲ. ಕೈ ಶುದ್ಧ ಇರೋರ ಪಾಡೇ ಇಷ್ಟು ಕಣೇ" ಎಂದರು. ಮೇಲಿನವರು ತೋರಿಸಿದ ಕಡೆ ರುಜು ಹಾಕಲಿಲ್ಲವೆಂದು ಅವರನ್ನೂ ಹಳೇಬೀಡಿನಿಂದ ಎತ್ತಿ ಬಿಕ್ಕೋಡಿನ ಆಚೆ ಹಾಕಿದ್ದರಂತೆ.

ಸೋದರಮಾವ ನನ್ನ ಕಾಲು ತುಳಿದ. ಬಾಯಿ ಮುಚ್ಚಿಕೊಂಡಿದ್ದರೆ ಸಂಬಂಧ ಕುದುರಿದಂತೆಯೇ. ಕೂಲಿ ಮಾಡುತ್ತಿದ್ದ ನಮ್ಮ ಜನರನ್ನು ಕುರ್ಚಿಯ ಮೇಲೆ ಕೂರಿಸಿದ್ದು ಸರ್ಕಾರಿ ನೌಕರಿ. ಮಗಳಿಗೂ ಅದೇ ಭದ್ರತೆ ಇರಲಿ ಎಂದು ಅವರು ಬಯಸಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ನನ್ನ ಕೆಲಸವನ್ನು ಮುಚ್ಚಿಟ್ಟು ಮದುವೆಯಾಗಲು ನನಗೇನು ಬಂದಿತ್ತು?

"ಕೈ ಶುದ್ಧವಾಗೇ ಐತೆ ಮೇಷ್ಟ್ರೇ" ಎಂದೆ. "ನಮ್ ಕೆಲ್ಸದಲ್ಲಿ ಕೈ ತಾಗಿದ್ರೇ ತಪ್ಪು. ನಾನು ಫುಟ್‌ಬಾಲ್ ಆಡ್ತೀನಿ. ಅದೇ ನನ್ನ ನೌಕರಿ. ಪರ್ಮನೆಂಟ್ ಅಲ್ಲ."

ಸೋದರಮಾವ ಖಾಲಿ ಲೋಟವನ್ನೇ ಮತ್ತೊಮ್ಮೆ ಕುಡಿದ.

"ಹಂಗಾರೆ ಬರೋ ವರ್ಷ ಯಾರೂ ಕರೀದಿದ್ರೆ?" ಮೇಷ್ಟ್ರ ದನಿ ಇಳಿದಿತ್ತು.

"ಇಲ್ಲಿವರ್ಗೂ ಅಂಥ ವರ್ಷ ಬಂದಿಲ್ಲ. ಗೋಲು ಹೊಡಿಯೋಕೆ ಬೇಕಾದಷ್ಟು ಜನ ಅವ್ರೆ. ಚೆಂಡು ಕಿತ್ಕೊಡೋಕೆ ನಾನೇ ಬೇಕು."

ಜಂಬವೆನಿಸಿದರೆ ಅನ್ನಿಸಲಿ, ಅದು ನಿಜ. ಆಗ ಹುಡುಗಿ ಮಾತಾಡಿದಳು. "ಅಪ್ಪಾ, ನಿಮ್ಮುನ್ನ ಬ್ಯಾಡ ಅಂತ ಊರಿಂದೂರಿಗೆ ಎತ್ತಾಕಿದ್ರು. ಇವ್ರನ್ನ ಬೇಕು ಅಂತ ಕರ್ಕೊಂಡೋಗ್ತಾವ್ರೆ. ಎರಡೂ ಒಂದೇನಾ?"

ಮೇಷ್ಟ್ರು ಅವಳನ್ನೇ ನೋಡಿದರು, ಆಮೇಲೆ ನನ್ನನ್ನು. ಕೊನೆಗೆ ಒಳಕ್ಕೆ ಕೂಗಿ ಇನ್ನೊಂದು ಸುತ್ತು ಕಾಫಿ ತರಿಸಿದರು. ಆ ವರ್ಷವೇ ಮದುವೆಯಾಯಿತು.

ಮುಂದೆ ಮಂಡಿ ಸಾಕೆಂದಾಗ ನಾನೂ ಸಾಕೆಂದೆ. ಹೆಂಡತಿ ಮಕ್ಕಳೊಂದಿಗೆ ಅರಸೀಕೆರೆಗೆ ಬಂದು, ನಾನು ಆಡಿ ಬೆಳೆದ ಮೈದಾನದಲ್ಲೇ ಊರ ಹುಡುಗರಿಗೆ ಆಟ ಕಲಿಸಲು ಶುರುಮಾಡಿದೆ. ಮೇಷ್ಟ್ರು ಒಂದು ಚೀಲ ತೆಂಗಿನಕಾಯಿ ಹಿಡಿದು ಬಸ್ಸಿನಲ್ಲಿ ಬಂದರು. ಮೈದಾನದ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಅಂತೂ ಕೈ ಶುದ್ಧ ಇಟ್ಕೊಂಡೇ ಸ್ವಂತ ಊರಿಗೆ ಟ್ರಾನ್ಸ್‌ಫರ್ ಹಾಕುಸ್ಕೊಂಡ್ರಿ" ಎಂದರು. "ನಂಗೆ ರಿಟೈರ್ ಆಗೋವರ್ಗೂ ಅದಾಗ್ಲಿಲ್ಲ ಕಣ್ರೀ."