ಚಿಕ್ಕಮ್ಮನ ಯುಕುಲೇಲಿಯ ಒಳಗೆ

ಯುಕುಲೇಲಿಯ ಹಿಂಬದಿಯ ಹಲಗೆ ಎಬ್ಬಿಸಿ ಒಳಗೆ ಉಳಿ ತಾಗಿಸಿದ್ದೇ ತಡ, ಹಲಸಿನ ಮರದ ಸಿಹಿ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಕುಂಬಳೆಯ ಅಜ್ಜಿಮನೆ ಬಂತು. ಹೆದ್ದಾರಿ ಅಗಲವಾದಾಗ ಆ ಮನೆ ಹೋಯಿತು, ಅದರ ಚಾವಡಿಯಿದ್ದಲ್ಲಿ ಈಗ ಲಾರಿಗಳು ಓಡುತ್ತವೆ. ಅಲ್ಲಿನ ಒಳಕೋಣೆಯ ಕಿಟಕಿಯಲ್ಲಿ ಕಾಲು ಮಡಚಿ ಕೂತು ಅಮ್ಮನ ತಂಗಿ ಶಾರದಾ ಚಿಕ್ಕಮ್ಮ ಬಾರಿಸುತ್ತಿದ್ದದ್ದು ಇದನ್ನೇ. ದುಬಾಯಿಯಿಂದ ಬಂದ ನೆರೆಮನೆಯವರು ಕೊಟ್ಟ, ನಾಲ್ಕೇ ತಂತಿಯ, ಗಿಟಾರಿನ ಮರಿಯಂಥ ವಾದ್ಯ. ಸಂಜೆ ದೋಸೆಹಿಟ್ಟು ರುಬ್ಬುವ ಸದ್ದು ನಿಂತ ಮೇಲೆ ಅವಳು ತಂತಿ ಮುಟ್ಟಿದರೆ ಅಡುಗೆಮನೆಯಲ್ಲಿ ಅಜ್ಜಿಯೂ ಸೌಟು ಕೆಳಗಿಡುತ್ತಿದ್ದರು. ನಾನು ಅವಳಿಗೆ ಒರಗಿ ಕೂತರೆ ಆ ನಾದ ನನ್ನ ಬೆನ್ನಿಗೂ ತಾಗುತ್ತಿತ್ತು.

ಆ ಮನೆಯ ಯಜಮಾನಿಕೆ ಅಮ್ಮನ ಅಣ್ಣ ದೊಡ್ಡಮಾವನದು. ಬಾಗಿಲಿನಿಂದ ಬಾವಿಯ ರಾಟೆಯವರೆಗೆ ಎಲ್ಲವನ್ನೂ ತಾವೇ ರಿಪೇರಿ ಮಾಡುವವರು, ಮಾಡಿದ್ದು ಮತ್ತೆ ಅಲುಗಬಾರದು. ಒಮ್ಮೆ ಚಾವಡಿಯಲ್ಲಿ ನೆಂಟರು ಕೂತಿದ್ದಾಗ ಒಳಗಿಂದ ಚಿಕ್ಕಮ್ಮನ ತಂತಿ ಕೇಳಿತು. "ಬಂದವರ ಎದುರು ಹೆಣ್ಣುಮಕ್ಕಳು ಟೊಂಯ್ ಟೊಂಯ್ ಮಾಡುವುದು ಎಂತ ಚಂದ?" ಎಂದರು ಮಾವ. ಆ ಮಳೆಗಾಲದಲ್ಲಿ ತೇವಕ್ಕೆ ತಂತಿಯಡಿಯ ಹಲಗೆ ಒಂದಿಷ್ಟು ಉಬ್ಬಿತು. "ಹಲಗೆಗೆ ಆಧಾರ ಕೊಡುವ ಒಳಗಿನ ಪಟ್ಟಿಯೆಲ್ಲ ಹೋಗಿದೆ, ಹೊಸತು ಹಾಕಬೇಕು" ಎಂದು ಮಾವ ಅದನ್ನು ತೆಗೆದುಕೊಂಡು ಹೋದರು. ಮರಳಿ ಕೊಟ್ಟಾಗ ಅದು ಬಹಳ ಗಟ್ಟಿಯಾಗಿತ್ತು, ಬಾರಿಸಿದರೆ ಕಪಾಟು ಬಡಿದ ಹಾಗೆ ಕೇಳುತ್ತಿತ್ತು. ಎಲ್ಲರೂ ಮಾವನ ಕೈಕೆಲಸ ಹೊಗಳಿದರು. ಚಿಕ್ಕಮ್ಮ ಮಾತ್ರ ಹಾಳುಮಾಡಿದ್ದು ತಾನೇ ಎಂದುಕೊಂಡಳು. ಮಳೆಗೆ ಕಿಟಕಿ ತೆರೆದಿಟ್ಟೆನಲ್ಲ ಎಂದು ಸಾಯುವವರೆಗೂ ಹಳಹಳಿಸಿದಳು.

ಹೋದ ವರ್ಷ ಅವಳು ತೀರಿಕೊಂಡ ಮೇಲೆ ಅದು ನನ್ನ ಕೈಗೆ ಬಂತು. ಅವಳ ನೆನಪಿಗೆ ಹೊಸದೊಂದನ್ನು ಮಾಡಲು ಹೊರಟೆ. ತಂತಿಯಡಿ ಬರುವ ಮೇಲ್ಹಲಗೆ ತೀರಾ ತೆಳು. ಒಳಗೆ ಪಟ್ಟಿ ಕೊಡದಿದ್ದರೆ ತಂತಿಯ ಎಳೆತಕ್ಕೆ ಸೀಳುತ್ತದೆ, ಅತಿಯಾಗಿ ಕೊಟ್ಟರೆ ನಾದಕ್ಕೆ ಉಸಿರೇ ಇರುವುದಿಲ್ಲ. ಏಣಿಯ ಮೆಟ್ಟಿಲಿನಂತೆ ಅಡ್ಡಕ್ಕೆ ಕೊಡುವುದೋ, ಬೀಸಣಿಗೆಯ ಕಡ್ಡಿಗಳಂತೆ ಹರಡಿ ಕೊಡುವುದೋ ತೀರ್ಮಾನವಾಗದೆ, ಹಳೆಯದರಲ್ಲಿ ಹೇಗಿದೆ ನೋಡೋಣವೆಂದು ಬಿಚ್ಚಿದ್ದು. ಬೀಸಣಿಗೆಯಂತೆ ಹರಡಿದ ಮೂರು ತೆಳುಪಟ್ಟಿಗಳಿದ್ದವು. ಮೊದಲಿನವೇ, ಎಲ್ಲೂ ಅಂಟು ಬಿಟ್ಟಿರಲಿಲ್ಲ. ಅವುಗಳ ಮೇಲೆ ಅಡ್ಡಕ್ಕೆ ಬೆರಳು ದಪ್ಪದ ಎರಡು ಹಲಸಿನ ತುಂಡು. ಪಟ್ಟಿಗಳ ಮೇಲೆ ಸರಿಯಾಗಿ ಕೂರಲೆಂದು ತುಂಡುಗಳಲ್ಲಿ ಚಂದಕ್ಕೆ ಕಚ್ಚು ಕೊರೆದಿತ್ತು. ಅಂದರೆ ಪಟ್ಟಿ ಸರಿಯಿದ್ದದ್ದು ಮಾವನಿಗೆ ಗೊತ್ತಿತ್ತು, ತುಂಡು ಹಾಕಿದ್ದು ನಾದ ಅಡಗಿಸಲೆಂದೇ. ನನ್ನ ಮೈ ಉರಿದುಹೋಯಿತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ನಿಮ್ಮ ಮನೆಯಲ್ಲೂ ಇಂಥ ಗಟ್ಟಿ ಕೆಲಸದವರು ಇದ್ದಿರಬಹುದು, ಇದ್ದರೆ ನನ್ನ ಸಿಟ್ಟು ನಿಮಗೆ ಹೊಸತಲ್ಲ.

ಮೊನ್ನೆ ಮಾವ ನಾಯ್ಮಾರ್ಮೂಲೆಯಲ್ಲಿರುವ ಮಗಳ ಮನೆಯಿಂದ ನನ್ನಲ್ಲಿಗೆ ಬಂದರು. ಹೊಸ ಹಲಗೆಗೆ ನಾನು ಬೀಸಣಿಗೆಯಂತೆ ಮೂರೇ ಪಟ್ಟಿ ಕೂರಿಸಿದ್ದೆ.

"ಅಡ್ಡಕ್ಕೆ ಎರಡು ಕೊಡು ಮಾರಾಯ್ತಿ. ಇಲ್ಲದಿದ್ದರೆ ಒಡೆದೀತು" ಎಂದರು ಅದನ್ನು ನೋಡಿ.

"ಒಡೆಯಲಿ" ಎಂದು ಹಳೆಯದನ್ನು ಅವರ ಮಡಿಲಿಗಿಟ್ಟೆ. "ಪಟ್ಟಿಯೆಲ್ಲ ಹೋಗಿದೆ ಅಂತ ಹೇಳಿದ್ದಲ್ವಾ ಮಾವ? ಎಲ್ಲಿ ಹೋಗಿದೆ, ತೋರಿಸಿ."

ಅವರು ಹೆಬ್ಬೆರಳಿನಿಂದ ಹಲಸಿನ ತುಂಡನ್ನು ಸವರಿದರು. "ಕಚ್ಚು ಕೂತದ್ದು ನೋಡು. ಇಷ್ಟು ವರ್ಷವಾದರೂ ಒಂಚೂರು ಅಲುಗಲಿಲ್ಲ."

ಹೊಸ ಹಲಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಗೆಣ್ಣಿನಿಂದ ತಟ್ಟಿದೆ. ಕೋಣೆಯಲ್ಲಿ ನಾದ ಸ್ವಲ್ಪ ಹೊತ್ತು ಉಳಿಯಿತು.

"ಒಳ್ಳೆ ಶಬ್ದ ಉಂಟು" ಎಂದರು.

"ಚಿಕ್ಕಮ್ಮನದ್ದಕ್ಕೂ ಇತ್ತು."

ಆ ಮನೆಯಲ್ಲಿ ಅವಳ ಆ ನಾದವನ್ನು ಕೇಳಿದವರಲ್ಲಿ ಈಗ ಉಳಿದದ್ದು ನಾವಿಬ್ಬರೇ.