ಬೆರಕೆ ಚಾ

ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಕುಡಿಯುವುದು ಚಹಾವೋ ಕಾಫಿಯೋ ಎಂದು ಯಾರಾದರೂ ಕೇಳಿದರೆ ನನ್ನ ಅತ್ತೆ ತಡಮಾಡದೆ "ಬೆರಕೆ ಚಾ" ಅನ್ನುತ್ತಾರೆ. ಅದರ ಅಸಲಿ ಹೆಸರು ಬೇರೆ. ಶುಂಠಿ, ಏಲಕ್ಕಿ, ಮೆಣಸು ಹಾಕಿ ಕುದಿಸಿದ ಚಹಾಕ್ಕೆ ಎಸ್ಪ್ರೆಸೊ ಎಂಬ ಗಟ್ಟಿ ಕಾಫಿ ಬೆರೆಸಿ, ಮೇಲೆ ನೊರೆಹಾಲು ಹೊಯ್ದರೆ ದೊಡ್ಡ ಊರಿನವರು ಅದನ್ನು ಡರ್ಟಿ ಚಾಯ್ ಲಾಟೆ ಅನ್ನುತ್ತಾರಂತೆ. ಡರ್ಟಿ ಎಂದರೆ ಗಲೀಜು. ಆ ಹೆಸರು ಅತ್ತೆಯ ಕಿವಿಗೆ ಬೀಳದ ಹಾಗೆ ನಾನು ಇವತ್ತಿನವರೆಗೂ ಕಾಪಾಡಿಕೊಂಡು ಬಂದಿದ್ದೇನೆ. ನಲ್ಲಿಯನ್ನು ತೊಳೆದು ಆಮೇಲೆ ನೀರು ಹಿಡಿಯುವ ಹೆಂಗಸು ಅವರು.

ಈ ವಿದ್ಯೆ ನನಗೆ ಬಂದದ್ದು ಅಂಗಡಿಯಿಂದ. ಚಳ್ಳಕೆರೆ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಉಳ್ಳಾರ್ತಿ ಕಾವಲಿನ ಕಡೆಯ ಸರ್ಕಾರಿ ಸಂಶೋಧನಾ ಕೇಂದ್ರದ ಕ್ವಾರ್ಟರ್ಸಿನಿಂದ ಒಬ್ಬ ಹೆಂಗಸು ಬರುತ್ತಿದ್ದರು. ಉತ್ತರದವರು. ಗಂಡನಿಗೆ ಅಲ್ಲೇ ಕೆಲಸ. ಏನು ಕೆಲಸವೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನದು ಅರೆಬರೆ ಹಿಂದಿ, ಅವರದು ಅರೆಬರೆ ಕನ್ನಡ, ಆದರೂ ತೋಳಿನ ಅಳತೆ ತೆಗೆಯುವಷ್ಟರಲ್ಲಿ ಇಬ್ಬರೂ ಊರ ಮೇಲಿನ ಮಾತೆಲ್ಲ ಆಡಿ ಮುಗಿಸುತ್ತಿದ್ದೆವು. ವರ್ಗವಾಗಿ ಹೊರಟಾಗ ಅವರು ಅಲ್ಯೂಮಿನಿಯಮ್ಮಿನ ಒಂದು ಪುಟ್ಟ ಕೆಟಲನ್ನು ತಂದು ನನ್ನ ಕೈಗಿಟ್ಟು, ಅದರಲ್ಲಿ ಎಸ್ಪ್ರೆಸೊ ಇಳಿಸುವುದು ಹೇಗೆ, ಚಹಾಕ್ಕೆ ಬೆರೆಸುವುದು ಹೇಗೆ ಎಂದು ಬಾಯಲ್ಲೇ ಹೇಳಿಕೊಟ್ಟರು. ಕೆಳಗೆ ನೀರು, ನಡುವಿನ ಜರಡಿಯಲ್ಲಿ ಪುಡಿ, ಮೇಲೆ ಖಾಲಿ ಬೋಗುಣಿ. ನಮ್ಮ ಫಿಲ್ಟರಿನಲ್ಲಿ ಕೆಳಕ್ಕೆ ಇಳಿಯುವ ಡಿಕಾಕ್ಷನ್ ಇದರಲ್ಲಿ ಮೇಲಕ್ಕೆ ಏರುತ್ತದೆ. ನಾನು ತಲೆಯಾಡಿಸಿ ಮನೆಗೆ ತಂದು, ಅದರೊಳಗೆ ಹುಕ್ಕು ಗುಂಡಿ ತುಂಬಿ ಕಪಾಟಿನಲ್ಲಿಟ್ಟೆ.

ಹೀಗೆ ಗುಂಡಿ ಕಾಯುತ್ತಾ ಕೂತಿದ್ದ ಕೆಟಲಿಗೆ ಕೆಲಸ ಬಂದದ್ದು ಅವ್ವ ನಮ್ಮ ಮನೆಗೆ ಬಂದಾಗ.

ಅವ್ವನ ಊರು ಮೊಳಕಾಲ್ಮೂರಿನಿಂದ ಆಚೆ, ಆಂಧ್ರದ ಗಡಿಗೆ ತಾಗಿದ ಹಾಗೆ. ಮನೆ ತುಂಬ ಮಗ್ಗ. ಅವ್ವ ಹುಟ್ಟಿದಾಗಿನಿಂದ ರೇಷ್ಮೆ ನೂಲು ಸುತ್ತಿದವಳು. ಒಂದು ಕಣ್ಣು ಬಹಳ ಹಿಂದೆಯೇ ಮಬ್ಬಾಗಿ ಹೋಗಿತ್ತು. ಉಳಿದ ಇನ್ನೊಂದಕ್ಕೆ ಪೊರೆ ಬಂದು ಆಪರೇಷನ್ ಆಯಿತು. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ಧೂಳು ಹೊಗೆ ತಾಗಬಾರದು, ಮತ್ತೆ ತೋರಿಸುವವರೆಗೂ ಹುಷಾರು ಎಂದು ಡಾಕ್ಟರು ಹೇಳಿದರು. ಅಲ್ಲಿ ನನ್ನ ತಮ್ಮ ಇದ್ದಾನೆ, ಅವನ ಹೆಂಡತಿ ಇದ್ದಾಳೆ, ನೋಡಿಕೊಳ್ಳುವುದಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಅವ್ವನ ಕೈಯಲ್ಲಿ. ರಾಟೆ ಕಣ್ಣಿಗೆ ಬಿದ್ದರೆ ಅವಳ ಕೈ ಸುಮ್ಮನಿರುವುದಿಲ್ಲ. ಎಲ್ಲರೂ ಅತ್ತ ತಿರುಗಿದ ಕೂಡಲೇ ಬಗ್ಗಿ ನೂಲು ಹುಡುಕುತ್ತಾಳೆ. ಇರುವ ಒಂದು ಕಣ್ಣೂ ಹೋದರೆ ಏನು ಗತಿ ಎಂದು ನಾನು ಹಟ ಹಿಡಿದು ಕರೆದುಕೊಂಡು ಬಂದೆ. ಮಗಳ ಮನೆಯಲ್ಲಿ ಎಷ್ಟು ದಿನ ಅಂತ ಇರಲಿ ಎಂದು ಅವಳು ಬಸ್ಸಿನುದ್ದಕ್ಕೂ ಗೊಣಗಿದಳು.

ಅತ್ತೆ ತಮ್ಮ ಮಂಚವನ್ನೇ ಬಿಟ್ಟುಕೊಟ್ಟರು. ನಾನು ಕೇಳಿರಲೂ ಇಲ್ಲ. ಅತ್ತೆ ದಾವಣಗೆರೆ ಕಡೆಯವರು. ಮದುವೆಯಾಗಿ ಚಳ್ಳಕೆರೆಗೆ ಬಂದು ಅರ್ಧ ಆಯುಸ್ಸೇ ಕಳೆದಿದ್ದರೂ ಅವರಿಗೆ ತೆಲುಗು ಬಾರದು, ಕಲಿತುಕೊಳ್ಳಲೂ ಇಲ್ಲ. ಅವ್ವನಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಅಡುಗೆಮನೆಗೆ ಕಾಲಿಟ್ಟರೆ ನೀರು, ಉಪ್ಪು, ಮೊಸರು ಎಲ್ಲಕ್ಕೂ ಬಾಯಿಗೆ ತೆಲುಗೇ ಬರುತ್ತದೆ. ಇನ್ನೊಂದು ವ್ಯತ್ಯಾಸವೂ ಇತ್ತು. ನಮ್ಮದು ಚಹಾದ ಮನೆ. ಬೆಳಗ್ಗೆ ಹಾಲು ಬರುತ್ತಲೇ ಅತ್ತೆ ಅಷ್ಟನ್ನೂ ತಪಲೆಗೆ ಸುರಿದು, ಅದರಲ್ಲೇ ಚಹಾಪುಡಿ, ಸಕ್ಕರೆ ಹಾಕಿ ಕುದಿಸಿಬಿಡುತ್ತಾರೆ. ಅವ್ವ ಕಾಫಿಯವಳು. ಊರಿಂದ ಬರುವಾಗ ಔಷಧಿ ಮರೆತರೂ ಹಿತ್ತಾಳೆ ಫಿಲ್ಟರು ಮರೆತಿರಲಿಲ್ಲ.

ಮೊದಲ ಕೆಲವು ದಿನ ಇಬ್ಬರೂ ಬೀಗಿತ್ತಿಯರು ಹೊಸ ಗೆಳತಿಯರ ಹಾಗೆ ಇದ್ದರು. ಒಂದು ಸಂಜೆ ಅಂಗಡಿ ಮುಚ್ಚಿ ಬಂದು ನೋಡಿದರೆ ಅವ್ವ ಕಪ್ಪು ಕನ್ನಡಕ ಹಾಕಿಕೊಂಡು, ಸೀರೆಗಳನ್ನು ಚೀಲಕ್ಕೆ ತುಂಬಿ, ಮಂಚದ ಅಂಚಿನಲ್ಲಿ ಕೂತಿದ್ದಾಳೆ. ಒಳಗೆ ಅತ್ತೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾರೆ.

"ಏನಾತವ್ವಾ?"

"ಏಮೀ ಲೇದು, ಏನೂ ಇಲ್ಲ. ಊರು ನೆನಪಾಗೈತೆ. ನಾಳೆ ಬಸ್ ಹತ್ತಿಸಿಬಿಡು."

ಅತ್ತೆಯನ್ನು ಕೇಳಿದೆ. "ನಿಮ್ಮವ್ವ ದೊಡ್ಡೋರಮ್ಮ. ನಮ್ಮಂಥೋರ ಮನೇಲಿ ಹೆಂಗಿದ್ದಾರು? ನನ್ನನ್ನೇನೂ ಕೇಳ್ಬ್ಯಾಡ ನೀನು," ಎಂದು ಸೌಟನ್ನು ಗೋಡೆಗೆ ತಗುಲಿಹಾಕಿದರು. ನನ್ನ ಗಂಡ ಈ ಎರಡೂ ಮುಖ ನೋಡಿ, ಎಣ್ಣೆ ಮಿಲ್ಲಿನಲ್ಲಿ ಏನೋ ಮರೆತು ಬಂದೆ ಎಂದು ಚಪ್ಪಲಿ ಮೆಟ್ಟಿಕೊಂಡರು. ಇಂಥ ಹೊತ್ತಿನಲ್ಲಿ ಅವರಿಗೆ ಮಿಲ್ಲಿನ ಮೇಲೆ ಬಹಳ ಪ್ರೀತಿ.

ಭಾನುವಾರ ಅಂಗಡಿಗೆ ರಜೆ, ಆವತ್ತು ನಾನೇ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ ಎಂದು ಅವ್ವನನ್ನು ಹೇಗೋ ತಡೆದೆ. ಆದರೆ ಎದೆಯೊಳಗೆ ಹೆದರಿಕೆ. ಊರಿಗೆ ಹೋದರೆ ಮೊದಲ ದಿನವೇ ರಾಟೆ ಮುಂದೆ ಕೂರುತ್ತಾಳೆ. ಭಾನುವಾರದವರೆಗೂ ಮನೆಯಲ್ಲಿ ಮಾತಿಲ್ಲ. ಅವ್ವ ಬೆಳಗ್ಗೆ ಬರೀ ಕಪ್ಪು ಡಿಕಾಕ್ಷನ್ ಮುಖ ಕಿವುಚಿಕೊಂಡು ಕುಡಿಯುವಳು. ಯಾಕೆ ಎಂದರೆ ಹೊಟ್ಟೆ ಉಬ್ಬರ ಅನ್ನುವಳು. ಹೊಟ್ಟೆ ಉಬ್ಬರ ಇದ್ದವರು ಕರೀ ಕಾಫಿ ಕುಡಿಯುತ್ತಾರೆಯೇ ಎಂದು ನನಗೆ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಇಬ್ಬರ ಮೇಲೂ ಸಿಟ್ಟು ಬಂದಿತ್ತು ನನಗೆ. ಸಿಟ್ಟಿನಲ್ಲಿ ನನ್ನ ತಲೆ ಓಡುವುದಿಲ್ಲ, ಕೈ ಮಾತ್ರ ಓಡುತ್ತದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗುಂಡಿಗಳನ್ನು ಸುರಿದು ಕೆಟಲು ತೊಳೆದೆ. ಒಬ್ಬರಿಗೆ ಚಹಾ, ಒಬ್ಬರಿಗೆ ಕಾಫಿ ತಾನೇ? ಎರಡನ್ನೂ ಒಂದೇ ಲೋಟಕ್ಕೆ ಹಾಕಿ ಇಬ್ಬರ ಮುಂದೆಯೂ ಇಡುತ್ತೇನೆ, ಏನು ಮಾಡುತ್ತಾರೋ ನೋಡೋಣ ಎಂಬ ಮೊಂಡು ನನ್ನದು. ಚೀಲ ಬಾಗಿಲ ಪಕ್ಕದಲ್ಲಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು.

ಶುಂಠಿ ಜಜ್ಜಿದೆ. ಏಲಕ್ಕಿ, ಲವಂಗ, ಒಂದು ಚೂರು ಚಕ್ಕೆ, ನಾಲ್ಕು ಕಾಳು ಮೆಣಸು ಕುಟ್ಟಿ ಬರೀ ನೀರಿಗೆ ಹಾಕಿ, ಚಹಾಪುಡಿ ಸೇರಿಸಿ, ನೀರು ಕಡುಗೆಂಪಾಗುವವರೆಗೆ ಕುದಿಸಿದೆ. ಹಾಲಿಲ್ಲದ ಚಹಾ ಕುದಿಯುವುದನ್ನು ಅತ್ತೆ ಬಾಗಿಲಿಂದಲೇ ಅನುಮಾನದಿಂದ ನೋಡಿದರು. ಕೆಟಲಿಗೆ ಅವ್ವನ ಕಾಫಿಪುಡಿ ತುಂಬಿದೆ. ಫಿಲ್ಟರಿಗೆ ಅದುಮುವ ಅಭ್ಯಾಸದಲ್ಲಿ ಇಲ್ಲೂ ಒತ್ತಿ ಅದುಮಿದೆ. ಅದು ಏರಲಾರದೆ ಬುಸ್ ಬುಸ್ ಎಂದು ಪಕ್ಕದಿಂದ ಉಗಿ ಬಿಟ್ಟಿತು. ಇಳಿಸಿ, ಆರಿಸಿ, ಪುಡಿಯನ್ನು ಸಡಿಲವಾಗಿ ತುಂಬಿ ಮತ್ತೆ ಇಟ್ಟೆ. ಈ ಸಲ ಕಾಫಿ ಗೊರಗೊರ ಎಂದು ಮೇಲಕ್ಕೆ ಬಂತು, ಹರಳೆಣ್ಣೆಯಷ್ಟು ಮಂದವಾಗಿ. ಆ ವಾಸನೆಗೆ ಅವ್ವ ಮಂಚದಿಂದ ಎದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಹಾಲನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿ ಕಡಗೋಲಿನಿಂದ ಕಡೆದೆ. ನೊರೆ ಎದ್ದಿತು. ಕ್ವಾರ್ಟರ್ಸಿನ ಆ ಹೆಂಗಸು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಮೂರು ಲೋಟಕ್ಕೆ ಬೆಲ್ಲ, ಚಹಾ, ಅದರ ಮೇಲೆ ಕಾಫಿ. ಹಾಲು ಹೊಯ್ಯಲು ಅವ್ವನ ಲೋಟದ ಮೇಲೆ ಪಾತ್ರೆ ಬಗ್ಗಿಸಿದೆ. ಅವ್ವ ನನಗೆ ಬೇಡವೆಂದು ಲೋಟಕ್ಕೆ ಅಂಗೈ ಅಡ್ಡ ಇಟ್ಟಳು.

"ವದ್ದಮ್ಮಾ. ನಾಕು ಪಾಲು ವದ್ದು."

ಅತ್ತೆ ಸಿಡಿದರು. "ಕೇಳಿದ್ಯೇನೇ? ಮತ್ತೆ ಪಾಲು! ಆವತ್ತೂ ಇದೇ ಮಾತು. 'ಬೀಗ್ತಿ, ನಂದು ಪಾಲು ಬ್ಯಾರೆ ತೆಗೆದಿಡ್ರಿ, ಅಷ್ಟು ಸಾಕು' ಅಂದ್ರು. ಮನೆಗೆ ಬಂದೋರಿಗೆ ನಾನೇನು ಅಳೆದು ಬಡಿಸ್ತೀನಾ? ನಮ್ಮನೇಲಿ ಪಾಲುಗೀಲು ಇಲ್ಲ, ಬಂದೋರಿಗೆ ಪಾಲು ಹಾಕೋ ಪದ್ಧತಿ ನಮ್ಮಲ್ಲಿಲ್ಲ ಅಂದೆ. ತಪ್ಪಾತಾ?"

"ನೋಡು, ಅವರ ಬಾಯಾಗೇ ಬಂತು!" ಅವ್ವ ಲೋಟವನ್ನು ನನ್ನತ್ತ ತಳ್ಳಿದಳು. "ಒಲೆ ಮ್ಯಾಲೆ ತಪಲೆ ತುಂಬ ಐತೆ. ಬಂದೋರಿಗೆ ಪಾಲು ಹಾಕೋ ಪದ್ಧತಿ ಇಲ್ಲಂತೆ! ಒಂದು ಲೋಟಕ್ಕೆ ನಾನೇನು ಬಾಯಿಬಿಟ್ಕಂಡು ಕುಂತಿದ್ನಾ?"

ಹಾಲಿನ ಪಾತ್ರೆ ಹಿಡಿದು ನಿಂತಿದ್ದ ನನಗೆ ಮೊದಲು ಏನೂ ತೋಚಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ತೋಚಿ, ನಗು ತಡೆಯಲಾರದೆ ಅರ್ಧ ನೊರೆ ಕಟ್ಟೆಯ ಮೇಲೆ ಚೆಲ್ಲಿದೆ.

"ಅತ್ತೇ, ಪಾಲು ಅಂದ್ರೆ ಹಾಲು ರೀ! ತೆಲುಗ್ನಾಗೆ ಹಾಲಿಗೆ ಪಾಲು ಅಂತಾರೆ. ಅವ್ವ ಕೇಳಿದ್ದು ಹಾಲು. ನೀವು ಎಲ್ಲಾನೂ ಚಾಕ್ಕೆ ಸುರಿಯಾಕೆ ಮುಂಚೆ ನಂದೊಂದು ಲೋಟ ಹಾಲು ಬ್ಯಾರೆ ಇಡ್ರಿ ಅಂತ." ಅವ್ವನ ಕಡೆ ತಿರುಗಿದೆ. "ಅವ್ವಾ, ಅವರಂದಿದ್ದು ಭಾಗ. ಆ ಪಾಲು. ಬಂದೋರನ್ನ ಬ್ಯಾರೆ ಮಾಡಿ ನೋಡಲ್ಲ ಅಂದ್ರು."

ತೆಲುಗಿನಲ್ಲೂ ಆ ಮಾತಿಗೆ ಭಾಗವೆಂಬ ಅರ್ಥ ಇದೆ, ಅವ್ವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಾಲಿನ ತಪಲೆಯ ಎದುರು ನಿಂತವರಿಗೆ ಆಸ್ತಿಭಾಗದ ನೆನಪು ಎಲ್ಲಿಂದ ಬರಬೇಕು? ಒಬ್ಬರು ಹಾಲು ಕೇಳಿದ್ದರು, ಇನ್ನೊಬ್ಬರು ಅಕ್ಕರೆಯಿಂದ ಇಲ್ಲ ಅಂದಿದ್ದರು. ಆ ಅಕ್ಕರೆಗೇ ಅವ್ವ ಚೀಲ ಕಟ್ಟಿದ್ದಳು.

ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತರು. "ಅಯ್ಯೋ ನನ್ನ ಕರ್ಮವೇ. ಕಣ್ಣು ಕುಯ್ಸಿಕೊಂಡು ಬಂದೋರಿಗೆ ಹಾಲಿಲ್ಲ ಅಂದ್ನೇನೇ ನಾನು?" ಅವರ ಬಾಯಿಂದ ಅಷ್ಟು ಸಣ್ಣ ದನಿ ನಾನು ಅದುವರೆಗೆ ಕೇಳಿರಲಿಲ್ಲ.

ಆಮೇಲೆ ಅತ್ತೆ ಎದ್ದು, ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡು, ಅವ್ವನ ಲೋಟಕ್ಕೆ ಹೊಯ್ಯತೊಡಗಿದರು. "ತಗಳ್ರಿ ಬೀಗ್ತಿ, ನಿಮ್ಮ ಪಾಲು."

"ಚಾಲು," ಎಂದಳು ಅವ್ವ. ತೆಲುಗಿನಲ್ಲಿ ಸಾಕು ಎಂದು. ನಮ್ಮ ಕನ್ನಡದಲ್ಲಿ ಚಾಲು ಎಂದರೆ ನಡೆಯಲಿ ಎಂದಲ್ಲವೇ? ಅತ್ತೆ ಇನ್ನಷ್ಟು ಹೊಯ್ದರು. "ಚಾಲು ಚಾಲು!" ಎಂದು ಅವ್ವ ಕೂಗಿದಳು, ಅತ್ತೆ ಹುರುಪಿನಿಂದ ಪಾತ್ರೆಯನ್ನೇ ಬಗ್ಗಿಸಿದರು. ಹಾಲು ಲೋಟ ದಾಟಿ, ಕಟ್ಟೆ ದಾಟಿ, ಅವ್ವನ ಸೀರೆಯ ಮೇಲೆ ಬಿತ್ತು. ಈ ಸಲ ನಾನು ಬಿಡಿಸಿ ಹೇಳುವ ಮೊದಲೇ ಇಬ್ಬರಿಗೂ ಅರ್ಥವಾಯಿತು. ಅವ್ವ ನಕ್ಕು ನಕ್ಕು ಕನ್ನಡಕದ ಕೆಳಗೆ ಬೆರಳು ತೂರಿಸಲು ಹೋದಳು. "ಕಣ್ಣು ಉಜ್ಜಬ್ಯಾಡ್ರೀ!" ಎಂದು ಕೈ ಹಿಡಿದವರು ಅತ್ತೆ. ಆ ಕೈಯನ್ನು ಅವರು ಲೋಟ ಖಾಲಿಯಾಗುವವರೆಗೂ ಬಿಡಲಿಲ್ಲ.

ರುಚಿ ಹೇಗಿತ್ತು ಎಂದು ಕೇಳಿದ್ದಕ್ಕೆ ಅತ್ತೆ ನಾಲಿಗೆ ಚಪ್ಪರಿಸಿ, "ಚಾನೂ ಅಲ್ಲ, ಕಾಫಿನೂ ಅಲ್ಲ, ಬೆರಕೆ. ಆದ್ರೂ ಜೀವ ಐತೆ," ಅಂದರು. ಅವ್ವ ಶುಂಠಿ ಜಾಸ್ತಿಯಾಯಿತು ಅಂದಳು. ಚೀಲದ ಸೀರೆಗಳನ್ನು ನಾನು ಅವಳನ್ನು ಕೇಳದೆಯೇ ಕಪಾಟಿಗೆ ಸೇರಿಸಿದೆ.

ಡಾಕ್ಟರು ಮತ್ತೆ ನೋಡಿ ಕಣ್ಣು ಚೆನ್ನಾಗಿ ಕೂಡಿದೆ ಎನ್ನುವವರೆಗೂ ಅವ್ವ ಇದ್ದಳು. ಹೊರಡುವ ದಿನ ನನ್ನ ಮುಖ ನೋಡಿ, "ಅಯ್ಯೋ, ಕೂದಲು ಇಷ್ಟು ಬೆಳ್ಳಗಾಗೈತೇನೇ ನಿಂಗೆ?" ಅಂದಳು. ನನಗೆ ಅಷ್ಟು ಸಂತೋಷ ಕೊಟ್ಟ ಮಾತು ಇನ್ನೊಂದಿಲ್ಲ. ಕೆಟಲು ಕೊಟ್ಟ ಆ ಹೆಂಗಸು ಈಗ ಯಾವ ಊರಿನಲ್ಲಿದ್ದಾರೋ ಗೊತ್ತಿಲ್ಲ. ಎಲ್ಲಿದ್ದರೂ ಅವರ ಮನೆ ತಣ್ಣಗಿರಲಿ ಎಂದು ಪ್ರತಿ ಭಾನುವಾರ ಅಂದುಕೊಳ್ಳುತ್ತೇನೆ. ಮಂಚ ಬಿಟ್ಟುಕೊಟ್ಟ ಅತ್ತೆಗೆ ಮಾತ್ರ ಬಾಯಿಬಿಟ್ಟು ಏನೂ ಹೇಳಿಲ್ಲ. ಹೇಳಿದರೆ ಬೈಯುತ್ತಾರೆ.

ಅವ್ವ ಊರಿಗೆ ಹೋದ ಮರುದಿನ ಬೆಳಗ್ಗೆ ಅತ್ತೆ ಹಾಲು ಕಾಯಿಸಿ, ಚಹಾಪುಡಿ ಹಾಕುವ ಮೊದಲು ಒಂದು ಲೋಟ ತೆಗೆದು ಪಕ್ಕಕ್ಕಿಟ್ಟರು. ಅಭ್ಯಾಸಬಲ ಎಂದುಕೊಂಡೆ. ಮಾರನೆಯ ದಿನವೂ ಇಟ್ಟರು, ಇವತ್ತೂ ಇಟ್ಟಿದ್ದಾರೆ. ಯಾರಿಗೆ ಎಂದು ಕೇಳಿದರೆ, "ಬೀಗ್ತಿ ಪಾಲು, ಇರ್ಲಿ ಬಿಡು," ಅನ್ನುತ್ತಾರೆ. ಯಾವ ಪಾಲು ಎಂದು ನಾನು ಬಿಡಿಸಿ ಕೇಳಲು ಹೋಗಿಲ್ಲ.